ಒಂಟಿಕೈ ಹೊಡೆತಕ್ಕೊಂದು ರ‍್ಯಾಕೆಟ್

ಬಹಳ ಬಹಳ ಹಿಂದೆ, ಚೆಂಡಾಟ ಬಾರದವನಿಗೆ ಹೆಣ್ಣೇ ಕೊಡದ ರಾಜ್ಯವೊಂದಿತ್ತು. ಹೆಸರು ಚಂಡಪುರಿ. ಅಲ್ಲಿ ರಾಜನೂ ಟೆನಿಸ್ ಆಡುತ್ತಿದ್ದ, ರಾಜನ ಅಡುಗೆಯವನೂ ಆಡುತ್ತಿದ್ದ. ಆ ಕಾಲದಲ್ಲಿ ಟೆನಿಸ್ ಎಲ್ಲಿತ್ತು ಅಂತ ಮೂಗು ಮುರಿಯಬೇಡಿ, ಇತ್ತು, ಅಷ್ಟೇ. ಎಂಥ ದಿನಗಳವು! ಸಂಜೆಯಾದರೆ ಸಾಕು, ಊರ ತುಂಬ ಟಪ್ ಟಪ್ ಸದ್ದು. ಈಗ ಕಿವಿಗೊಟ್ಟರೂ ಅದು ಕೇಳದು, ಅದೇ ಸಂಕಟ.

ರಾಜನ ಅಂಗಳಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದವನು ಮಾಚಯ್ಯ. ತಾಯಿಯಿಲ್ಲದ ಮಗಳು ಚೆಲುವಿಯನ್ನು ಎಡಸೊಂಟದ ಮೇಲೆ ಕೂರಿಸಿಕೊಂಡೇ ಆಡುತ್ತಿದ್ದ. ಎಡಕ್ಕೆ ಬಂದ ಚೆಂಡನ್ನು ಊರವರೆಲ್ಲ ಎರಡು ಕೈ ಸೇರಿಸಿ ಹೊಡೆದರೆ ಇವನದು ಒಂಟಿಕೈ ಬ್ಯಾಕ್‌ಹ್ಯಾಂಡ್. ಇನ್ನೊಂದು ಕೈಗೆ ಬಿಡುವಿದ್ದರೆ ತಾನೆ! ಮಗ ಸಿದ್ಧರಸನಿಗೂ ಅದೇ ಹೊಡೆತ ಬಂತು. ಅಪ್ಪ ತೀರಿಹೋದ ಮೇಲೂ, ಹಾಗೆ ಹೊಡೆದಾಗಲೆಲ್ಲ ಅಪ್ಪ ಪಕ್ಕದಲ್ಲೇ ನಿಂತ ಹಾಗೆ ಅವನಿಗೆ ಅನ್ನಿಸುತ್ತಿತ್ತು.

ಹೀಗಿರುವಾಗ ಕೆಂಡಗಣ್ಣ ಎಂಬ ಮಾಟಗಾರ ಬಂದ. ಅಂಗಳದಲ್ಲಿ ನಿಂತಿದ್ದ ಚೆಲುವಿಯ ಮೇಲೆ ಬೂದಿ ಎರಚಿದ. ಅವಳ ಪಾದ ನೆಲಕ್ಕೆ ಅಂಟಿತು.

"ದಿನಕ್ಕೊಂದರಂತೆ ಮೂರು ಚೆಂಡು ಹೊಡೆಯುತ್ತೇನೆ. ಒಂದನ್ನಾದರೂ ಗೆರೆಯೊಳಗೆ ತಿರುಗಿಸು, ತಂಗಿಯನ್ನು ಬಿಡುತ್ತೇನೆ. ತಪ್ಪಿದ ಹಾಗೆಲ್ಲ ಅವಳು ಕಲ್ಲಾಗುತ್ತಾಳೆ," ಎಂದು ಸಿದ್ಧರಸನಿಗೆ ಸವಾಲು ಹಾಕಿದ. ಕಳ್ಳ, ಮೂರನ್ನೂ ಎಡಕ್ಕೇ ಹೊಡೆಯುವವನು!

ಸಿದ್ಧರಸ ಹೂವಜ್ಜಿಯ ತೋಪಿಗೆ ಓಡಿದ. ಅಲ್ಲಿನ ಮರದಲ್ಲಿ ರ‍್ಯಾಕೆಟ್‌ಗಳು ಬಿಡುತ್ತಿದ್ದವು. ಬಲಕ್ಕೆ ಮೂರು ಸಲ ಬೀಸಿ ಆರಿಸಿಕೊಳ್ಳುವುದು ಚಂಡಪುರಿಯ ಪದ್ಧತಿ. ಎಡಕ್ಕೆ ಬೀಸಿದರೆ ಅಪಶಕುನವಂತೆ!

ಮೊದಲ ದಿನ ಹಕ್ಕಿಗರಿಯಷ್ಟು ಹಗುರವಾದ ಚಿನ್ನದ ಬಣ್ಣದ್ದನ್ನು ಕಿತ್ತು, ಬಲಕ್ಕೆ ಬೀಸಿ ನೋಡಿ ತಂದ. ಕೆಂಡಗಣ್ಣನ ಚೆಂಡು ಗುಂಡುಕಲ್ಲಿನ ಹಾಗೆ ಬಂತು. ರ‍್ಯಾಕೆಟ್ ಕೈಯಲ್ಲೇ ನಡುಗಿ, ಚೆಂಡು ಬಲೆಗೆ ಬಿತ್ತು. ಚೆಲುವಿ ಮೊಣಕಾಲವರೆಗೆ ಕಲ್ಲಾದಳು.

ಎರಡನೆಯ ದಿನ ತಲೆಭಾರದ್ದು, ಗದೆಯಂಥದ್ದು. ಬಲಕ್ಕೆ ಬೀಸಿದಾಗ ಗಾಳಿಯೇ ಹೆದರಿತು. ಆದರೆ ಎಡಕ್ಕೆ ಒಂದು ಕೈಯಲ್ಲಿ ಅದನ್ನು ಎಳೆದು ತರುವಷ್ಟರಲ್ಲಿ ಚೆಂಡು ದಾಟಿಹೋಗಿತ್ತು. ಚೆಲುವಿ ಕುತ್ತಿಗೆಯವರೆಗೆ ಕಲ್ಲಾದಳು.

"ಅಣ್ಣಾ, ನಾಳೆ ನಂಗೆ ಮಾತಾಡೋಕೆ ಆಗುತ್ತೋ ಇಲ್ಲವೋ. ಈಗಲೇ ಹೇಳಿಬಿಡ್ತೀನಿ, ನಿಂದೇನೂ ತಪ್ಪಿಲ್ಲ," ಎಂದಳು.



ಮೂರನೆಯ ದಿನ ಬೆಳಿಗ್ಗೆ ಅವನು ಮತ್ತೆ ಬಲಕ್ಕೆ ಬೀಸುವುದನ್ನು ಕಂಡು ಹೂವಜ್ಜಿ ರೇಗಿದಳು. "ಏನೋ ದಡ್ಡ! ನೋವು ಒಂದು ಕಡೆ, ಮದ್ದು ಇನ್ನೊಂದು ಕಡೇನಾ? ಚೆಂಡು ಎಡಕ್ಕೆ ಬರುತ್ತೆ, ನೀನು ಬಲಕ್ಕೆ ಬೀಸ್ತೀಯಲ್ಲ!"

"ಎಡಕ್ಕೆ ಬೀಸಿ ಆರಿಸಬಾರದು ಅಂತ ಹಿರಿಯರು ಹೇಳ್ತಾರಲ್ಲಜ್ಜಿ?"

"ಹೇಳಿದೋರು ಎರಡು ಕೈಯಲ್ಲಿ ಹೊಡೀತಾರೆ. ನೀನು ಒಂದೇ ಕೈಯಲ್ಲಿ. ಅವರ ಮಾತು ನಿನಗ್ಯಾಕೆ?"

ಸಿದ್ಧರಸ ಕಣ್ಮುಚ್ಚಿ ಎಡಕ್ಕೆ ಬೀಸಿದ. ಮರದ ತುಂಬ ಕಾಗೆಗಳು ಕೂಗಿದವು. ಕೂಗಲಿ! ಒಂದೊಂದನ್ನೇ ಬೀಸಿ ನೋಡಿದ. ಹಗುರವಾದವು ಅಲುಗಿದವು, ತಲೆಭಾರದವು ಹಿಂದೆಯೇ ಉಳಿದವು. ಕೊನೆಗೆ ಕೆಳಗಿನ ಕೊಂಬೆಯಲ್ಲಿ, ಯಾರೂ ಮುಟ್ಟದ ಮಾಸಲು ಬಣ್ಣದ್ದೊಂದು ಸಿಕ್ಕಿತು. ತೂಕ ಬೇಕಾದಷ್ಟಿತ್ತು, ಆದರೆ ತೂಕವೆಲ್ಲ ಹಿಡಿಯ ಕಡೆಗೆ, ತಲೆ ಹಗುರ. ಹಿಡಿ ಸಣ್ಣದು, ಮುಷ್ಟಿಗೆ ಸರಿಯಾಗಿ ಕೂತಿತು. ಬೀಸಿದರೆ ತಾನಾಗಿಯೇ ಮುಂದೆ ಬಂತು.

"ಇದೇ ಕಣಜ್ಜಿ!" ಎಂದು ಓಡಿದ.

ಕೆಂಡಗಣ್ಣ ಚೆಂಡು ಹೊಡೆದ. ಅದು ಉರಿಯುತ್ತಾ ಎಡಕ್ಕೆ ಬಂತು. ಸಿದ್ಧರಸ ಬಲಗಾಲು ಮುಂದಿಟ್ಟ, ಚೆಂಡನ್ನು ಮೈಯಿಂದ ಮುಂದೆಯೇ ತಡೆದ. ಟಪ್! ದೂರದ ಮೂಲೆಯಲ್ಲಿ ಗೆರೆಯ ಸುಣ್ಣ ಎದ್ದಿತು.

ಊರೇ ಹೋ ಎಂದಿತು. ಕೆಂಡಗಣ್ಣ ನಿಂತಲ್ಲೇ ಹಿಡಿ ಬೂದಿಯಾದ. ಕಲ್ಲು ಕುತ್ತಿಗೆಯಿಂದ ಇಳಿಯಿತು, ಮೊಣಕಾಲಿಂದ ಇಳಿಯಿತು, ಪಾದದಿಂದಲೂ ಬಿಟ್ಟಿತು. ಚೆಲುವಿ ತೂರಾಡಿ ಅಣ್ಣನ ಹೆಗಲಿಗೆ ಬಿದ್ದಳು.

"ಅಣ್ಣಾ, ತುಂಬಾ ಹಸಿವು ಕಣೋ."

ಮೂರು ದಿನ ಕಣ್ಣೀರು ಹಾಕದ ಸಿದ್ಧರಸ ಆಗ ಗೊಳೋ ಎಂದು ಅತ್ತುಬಿಟ್ಟ.

ಅವತ್ತು ಅರಮನೆಯಲ್ಲಿ ಊರಿಗೆಲ್ಲ ಪಾಯಸ. ಚೆಲುವಿ ನಾಲ್ಕು ಸಲ ಬಡಿಸಿಕೊಂಡಳು, ಅಣ್ಣ ಅವಳು ಉಣ್ಣುವುದನ್ನೇ ನೋಡುತ್ತ ಕೂತ. ಚಂಡಪುರಿಯವರು ಬಹುಕಾಲ ಚೆನ್ನಾಗಿ ಬಾಳಿದರು. ಅಣ್ಣತಂಗಿಯರಂತೂ ದಿನಾ ಜಗಳವಾಡಿಕೊಂಡು, ಇನ್ನೂ ಚೆನ್ನಾಗಿ ಬಾಳಿದರು.