ನಾಲ್ಕು ಗಂಟೆಯ ಉಬ್ಬು

ಗ್ರಾಫ್ ನೋಡಿದ ಕೂಡಲೇ ಕುರ್ಚಿಯಿಂದ ಎದ್ದುನಿಂತೆ. ತೊಂಬತ್ತು ದಿನಗಳ ಅಳತೆಯಲ್ಲಿ, ದಿನಾ ಸರಿಯಾಗಿ ಸಂಜೆ ನಾಲ್ಕಕ್ಕೆ, ಒಂದು ಸಣ್ಣ ಉಬ್ಬು. ನಾಳೆ ಗೈಡ್ ಕೈಗೆ ಥೀಸಿಸ್ ಕೊಡಬೇಕು, ಇವತ್ತು ಇದು!

ಬೆಳಕಿನ ಕಣ ಎಲ್ಲಿದೆ, ಯಾವ ಕಡೆ ಹೊರಟಿದೆ, ಎರಡನ್ನೂ ಒಟ್ಟಿಗೆ ಖಚಿತವಾಗಿ ಹಿಡಿಯಲಾಗದು. ಒಂದನ್ನು ಗಟ್ಟಿಯಾಗಿ ಅಳೆದರೆ ಇನ್ನೊಂದು ಕೆಡುತ್ತದೆ. ಅದಕ್ಕೇ ನಾನು ಮೊದಲನೆಯದನ್ನು ಮುಟ್ಟಿಯೂ ಮುಟ್ಟದಂತೆ ಅಳೆಯುತ್ತಿದ್ದೆ. ಹಾಗೆ ಅಳೆದರೆ ಒಂದೊಂದು ಅಳತೆಯಿಂದ ಏನೂ ತಿಳಿಯದು. ಲಕ್ಷಾಂತರ ಅಳತೆಗಳ ಸರಾಸರಿಯಲ್ಲಷ್ಟೇ ಉತ್ತರ ಮೂಡುತ್ತದೆ. ಈಗ ಮೂಡಿದ್ದೇನು? ಉಬ್ಬು!

ಅಂದು ನಾಲ್ಕಕ್ಕೆ ಕಂಪ್ಯೂಟರಿಗೆ ಬೆನ್ನು ಹಾಕಿ, ಕತ್ತಲ ಲ್ಯಾಬಿನ ಬಾಗಿಲ ಕಪ್ಪು ಪರದೆಯನ್ನೇ ದಿಟ್ಟಿಸುತ್ತ ಕೂತೆ. ಪರದೆ ಬೆರಳಷ್ಟು ಸರಿಯಿತು. ಬೆಳಕಿನ ಗೆರೆಯೊಂದು ಒಳಗೆ ಬಿತ್ತು; ಉಬ್ಬಿಗೆ ಕಾರಣ ಇದೇ. ಸಂದಿಯಲ್ಲಿ ಒಂದು ಕಣ್ಣು.

"ರೀ, ವರ್ಕ್‌ಶಾಪ್!" ಕಿರುಚಿಬಿಟ್ಟೆ.

ನಮ್ಮ ವಿಭಾಗದ ವರ್ಕ್‌ಶಾಪಿನವನು; ನನ್ನ ಪ್ರಯೋಗದ ಕನ್ನಡಿಗಳಿಗೆಲ್ಲ ಸ್ಟ್ಯಾಂಡ್ ಮಾಡಿಕೊಟ್ಟವನು ಅವನೇ. ದಿನಾ ನಾಲ್ಕಕ್ಕೆ ಬಾಗಿಲಾಚೆ ಎಸಿ ರೀಡಿಂಗ್ ಬರೆದುಕೊಂಡು ಹೋಗುತ್ತಾನೆ. ಮೂರು ತಿಂಗಳಲ್ಲಿ ನನ್ನೊಡನೆ ಹತ್ತು ಮಾತಾಡಿದ್ದರೆ ಹೆಚ್ಚು.

"ನೀವಾ? ದಿನಾ ನೀವೇನಾ?"

"ಒಂದೇ ಒಂದು ಸೆಕೆಂಡು ಮೇಡಂ... ಅಷ್ಟರಲ್ಲಿ ಏನಾಗುತ್ತೆ ಅಂದ್ಕೊಂಡೆ."

"ತೊಂಬತ್ತು ಸೆಕೆಂಡು! ಏನ್ ನೋಡ್ತಿದ್ರಿ, ಲೇಸರನ್ನಾ?"

ಅವನ ಕಿವಿ ಕೆಂಪಾಯಿತು. "ನೀವು ಪೆನ್ನನ್ನ ತುರುಬಿಗೆ ಸಿಕ್ಕಿಸ್ಕೊಂಡು, ಟೇಬಲ್ಲೆಲ್ಲಾ ಅದನ್ನೇ ಹುಡುಕ್ತೀರಲ್ಲ... ಅದನ್ನ."

ನನ್ನ ಕೈ ತಾನಾಗಿ ತುರುಬಿಗೆ ಹೋಯಿತು. ಪೆನ್ನು ಅಲ್ಲೇ ಇತ್ತು.

"ಬಾಯಿಬಿಟ್ಟು ಒಂದು ಮಾತು ಕೇಳೋಕೇನಾಗಿತ್ತು?"

"ಕೇಳಿದ್ರೆ ಉತ್ತರ ಗೊತ್ತಾಗುತ್ತೆ. ನೀವು ಇಲ್ಲ ಅಂದ್ರೆ, ಆಮೇಲೆ ನೋಡೋದೂ ತಪ್ಪುತ್ತೆ."

"ನಾಲ್ಕು ಗಂಟೆ ಅಳತೆ ಎಲ್ಲಾ ತೆಗೆದುಹಾಕ್ಬೇಕು ಈಗ. ಯಾಕೆ ಅಂತ ಕಾರಣಾನೂ ಬರೀಬೇಕು. ಗೈಡ್‌ಗೆ ಏನಂತ ಹೇಳ್ಲಿ?"

"ನನ್ನ ಹೆಸರು ಹೇಳ್ಬಿಡಿ. ನಾಳೆಯಿಂದ ಈ ಕಡೆಗೆ ಬೇರೆಯವರನ್ನ ಕಳಿಸೋಕೆ ಹೇಳ್ತೀನಿ. ತಪ್ಪಾಯ್ತು ಮೇಡಂ."

ಅವನು ತಿರುಗಿ ಹೊರಟ. ಥೀಸಿಸ್ ಹಾಳಾಯಿತು ಎನಿಸಿದಾಗಲೂ ಬಾರದ ಅಳು ಈಗ ಬಂತು. ನನಗೇ ಗಾಬರಿಯಾಯಿತು. ಈ ಮನುಷ್ಯ ನಾಳೆ ಬರದಿದ್ದರೆ ನನಗೇನಂತೆ?

"ನಿಲ್ರೀ! ಇಷ್ಟೆಲ್ಲಾ ಕೆಡಿಸಿ, ಕೇಳ್ದೇನೇ ಹೋಗ್ತೀರಾ?"

ಅವನು ನಿಂತ. ಹಿಂದಿರುಗಿ ಒಳಗೆ ಬಂದ. ತಾನು ನನಗೆ ಇಷ್ಟವೇ ಎಂದು ತಡವರಿಸುತ್ತಲೇ ಕೇಳಿಯೂಬಿಟ್ಟ.

"ಹೂಂ" ಎಂದು ಯಾರೋ ಹೇಳಿದ್ದು ಕೇಳಿಸಿತು. ಅದು ನನ್ನದೇ ದನಿಯೆಂದು ನಂಬಲು ನನಗೆ ಇಡೀ ಒಂದು ನಿಮಿಷ ಹಿಡಿಯಿತು.