ಅಜ್ಜಿ ಬಿಟ್ಟುಹೋದ ಆಟ

"ಕಿಟಕಿ ಹತ್ರ ಇದ್ದ ಚೆಸ್ ಬೋರ್ಡ್ ಎಲ್ಲಿ?"

ಅಜ್ಜನ ದನಿ ಕೇಳಿ ಮೊಮ್ಮಗಳು ಚಿನಕುರುಳಿಗೆ ಖುಷಿಯಾಯಿತು. ಅಜ್ಜಿ ತೀರಿಕೊಂಡು ಹದಿನಾರು ದಿನವಾಗಿತ್ತು. ಅಂದಿನಿಂದ ಅಜ್ಜ "ಹೂಂ", "ಬೇಡ" ಬಿಟ್ಟರೆ ಬೇರೆ ಮಾತೇ ಆಡಿರಲಿಲ್ಲ.

"ನಾನೇ ಎತ್ತಿಟ್ಟೆ ಅಜ್ಜ. ಧೂಳು ಕೂತಿತ್ತು. ಒಂದೊಂದು ಕಾಯಿನೂ ಒರೆಸಿ ಡಬ್ಬಿಗೆ ಹಾಕಿದೀನಿ," ಎಂದಳು, ಶಹಬ್ಬಾಸ್ ಗಿಟ್ಟಿಸುವ ಆಸೆಯಿಂದ.

ಅಜ್ಜನ ಮುಖ ಬಿಳುಚಿಕೊಂಡಿತು. ಕುರ್ಚಿಯಲ್ಲಿ ಕುಳಿತುಬಿಟ್ಟರು.

ಅಮ್ಮ ಅವಳನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು: "ಅದು ಅಜ್ಜಿ ಆಡಿದ ಕೊನೇ ಆಟ ಕಣೇ. 'ನಾಳೆ ಮುಗಿಸೋಣ' ಅಂತ ಅರ್ಧಕ್ಕೆ ಬಿಟ್ಟು ಮಲಗಿದವರು ಏಳಲೇ ಇಲ್ಲವಲ್ಲ."

ಪಟಪಟ ಸಿಡಿಯುವ ಬಾಯಿ ನೋಡಿಯೇ ಮನೆಯವರು ಅವಳಿಗೆ ಚಿನಕುರುಳಿ ಎಂದು ಹೆಸರಿಟ್ಟಿದ್ದರು. ಈಗ ಆ ಬಾಯಿ ಕಟ್ಟಿಹೋಯಿತು. ಕಣ್ಣು ತುಂಬಿಕೊಂಡು ಡಬ್ಬಿ ತಂದು ಅಜ್ಜನ ಮುಂದಿಟ್ಟಳು.

"ಯಾವುದು ಎಲ್ಲಿತ್ತು ಹೇಳಜ್ಜ. ವಾಪಸ್ ಜೋಡಿಸ್ತೀನಿ."

ಅಜ್ಜ ಡಬ್ಬಿಯ ಮುಚ್ಚಳ ತೆಗೆದರು. "ಸುಮ್ಮನೆ ಜೋಡಿಸಿದ್ರೆ ಆಗಲ್ಲ ಮಗಾ. ಮೊದಲಿಂದ ಆಡ್ಕೊಂಡು ಬರಬೇಕು. ಕೂತ್ಕೋ. ಕರಿ ಕಾಯಿ ಅಜ್ಜೀದು."

ಎಂಥ ನೆನಪು ಅಂತೀರಿ ಅಜ್ಜನದು! ಪ್ರತಿ ನಡೆಯೂ ಬಾಯಿಪಾಠ.

"ನಾನು ಒಂಟೆ ಮುಂದೆ ಬಿಟ್ಟೆ. 'ನಿಮ್ಮ ಒಂಟೆಗೆ ಬಾಯಾರಿಕೆಯಾ, ಎತ್ತ ಹೊರಟಿದೆ' ಅಂತ ರೇಗಿಸಿದ್ಲು. ಹಾಂ, ಇಲ್ಲಿ ಮೋಸ ಮಾಡಿದ್ಲು ನೋಡು. ಕನ್ನಡಕ ಹುಡುಕಿ ಅಂತ ನನ್ನ ಎಬ್ಬಿಸಿ ಕಳಿಸಿ, ಒಂದು ನಡೆ ಜಾಸ್ತಿ ಆಡಿಬಿಟ್ಲು."

"ಕನ್ನಡಕ ಸಿಕ್ತಾ?"

"ಅವಳ ತಲೆ ಮೇಲೇ ಇತ್ತು. ಗೊತ್ತಿದ್ದೂ ಮನೆಯೆಲ್ಲ ಹುಡುಕಿದೆ."

ಅಜ್ಜ ನಕ್ಕರು. ಚಿನಕುರುಳಿಯೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತು, ಅಮ್ಮ ಒಮ್ಮೆ ಇಣುಕಿ ಹೋದಳು.

"ಇಲ್ಲಿಗೆ ನಿಂತಿತ್ತು," ಎಂದರು ಅಜ್ಜ ಕೊನೆಗೆ. "ಈಗ ಅಜ್ಜಿ ಸರದಿ."

ಚಿನಕುರುಳಿ ಬೋರ್ಡಿನ ಮೇಲೆ ಬಾಗಿದಳು. ಕರಿ ಆನೆಯತ್ತ ಚಾಚಿದ ಕೈ ಅಲ್ಲೇ ನಿಂತಿತು.

"ಅಜ್ಜ, ಆನೆ ನಿನ್ನ ಕೊನೇ ಸಾಲಿಗೆ ಬಂದ್ರೆ ರಾಜನಿಗೆ ಎಲ್ಲೂ ಜಾಗ ಇಲ್ಲ."

"ಗೊತ್ತು. ಅವತ್ತೇ ನೋಡಿದ್ದೆ. ಒಪ್ಕೊಂಡ್ರೆ ರಾತ್ರಿಯೆಲ್ಲ ಜಂಬ ಕೊಚ್ಚಿಕೊಳ್ತಾಳೆ, ಬೆಳಗ್ಗೆ ಹೇಳಿದ್ರಾಯ್ತು ಅಂತ ಸುಮ್ಮನಿದ್ದೆ." ಅಜ್ಜ ಕರಿ ಆನೆಯತ್ತ ಬೆರಳು ತೋರಿದರು. "ಗೆದ್ದಿದ್ದು ಅವಳಿಗೆ ಗೊತ್ತಾಗಲೇ ಇಲ್ಲ. ನಡೆಸು ಮಗಾ."

ಅವಳು ಆನೆಯನ್ನು ಮೆಲ್ಲಗೆ ಸರಿಸಿದಳು. "ಚೆಕ್‌ಮೇಟ್."

ಅಜ್ಜ ತಮ್ಮ ರಾಜನನ್ನು ಮಲಗಿಸಿದರು. "ನೀನೇ ಗೆದ್ದೆ ಮಾರಾಯ್ತಿ," ಎಂದವರು ಬಿಕ್ಕಿ ಬಿಕ್ಕಿ ಅತ್ತರು.

ಅಳಬೇಡ ಎನ್ನಲು ಚಿನಕುರುಳಿ ಬಾಯಿ ತೆರೆದಳು, ಮತ್ತೆ ಮುಚ್ಚಿದಳು. 'ನೀನೇ ಗೆದ್ದೆ' ಅಂದಿದ್ದು ತನಗಲ್ಲ, ಅಜ್ಜಿಗೆ ಎಂದು ಅವಳಿಗೆ ಗೊತ್ತಾಯಿತು. ಅಜ್ಜನ ಅಳು ಮುಗಿಯುವವರೆಗೂ ಅಲ್ಲೇ ಕುಳಿತಿದ್ದಳು.

ಸ್ವಲ್ಪ ಹೊತ್ತಿನ ಮೇಲೆ ಅಜ್ಜ ಮೂಗೊರೆಸಿಕೊಂಡು, ತಾವಾಗಿಯೇ ಬಿಳಿ ಕಾಯಿಗಳನ್ನು ಮೊದಲಿನಿಂದ ಜೋಡಿಸತೊಡಗಿದರು. ಚಿನಕುರುಳಿ ಕರಿ ಕಾಯಿಗಳನ್ನು ತನ್ನ ಕಡೆಗೆ ಎಳೆದುಕೊಂಡಳು.