ಜರಿ ಎಂಬ ಚಾನೆಲ್

ಮಾರ್ಚ್ ಹನ್ನೊಂದರ ಬೆಳಿಗ್ಗೆ ದೊಡ್ಡಬಳ್ಳಾಪುರದ ಠಾಣೆಗೆ ಕೈಮಗ್ಗ ನೇಕಾರರ ಸಂಘದ ಕಾರ್ಯದರ್ಶಿ ವೇಣುಗೋಪಾಲ್ ಒಂದು ಸೀರೆ ಹಿಡಿದು ಬಂದರು. ಪವರ್‌ಲೂಮ್ ಸೀರೆ, ಮೇಲೆ ಸಂಘದ ಕೈಮಗ್ಗದ ಲೇಬಲ್. ಇನ್‌ಸ್ಪೆಕ್ಟರ್ ಶಶಿರೇಖಾ ಎಫ್‌ಐಆರ್ ದಾಖಲಿಸಿದರು. ಸೀರೆ ಕೊಂಡ ಗಿರಾಕಿ ಸಿಕ್ಕಳು, ಮಾರಿದವನು ಸಿಗಲಿಲ್ಲ.

ನಕಲಿ ಎಂದರೆ ನಕಲಿಯಂತಿರಬೇಕು ತಾನೆ? ಲೇಬಲನ್ನು ಸ್ಕ್ಯಾನ್ ಮಾಡಿ ಅಚ್ಚು ಹಾಕಿದರೆ ಚಿನ್ನದ ಬಣ್ಣ ಸಾಸಿವೆ ಬಣ್ಣದ ಚುಕ್ಕೆಗಳಾಗುತ್ತದೆ. ಮಾಮೂಲಿ ನಾಲ್ಕು ಇಂಕುಗಳಲ್ಲಿ ಆ ಹೊಳಪು ಹುಟ್ಟುವುದಿಲ್ಲ. ಅದಕ್ಕೆ ಫೋಟೋಶಾಪಿನಲ್ಲಿ ಆ ಒಂದೇ ಬಣ್ಣಕ್ಕೆಂದು ಬೇರೆಯೇ ಸ್ಪಾಟ್ ಕಲರ್ ಚಾನೆಲ್ ಮಾಡಿ, ಐದನೆಯ ಅಚ್ಚಿನ ಪ್ಲೇಟ್ ತೆಗೆದು, ಚಿನ್ನದ ಇಂಕನ್ನೇ ಹಾಕಬೇಕು. ಈ ಲೇಬಲ್ ಹೊಳೆಯುತ್ತಿತ್ತು.

ಅಂಥ ಕೆಲಸ ಮಾಡುವ ಪ್ರೆಸ್ಸುಗಳನ್ನು ಜಾಲಾಡಿದಾಗ ನೆಲಮಂಗಲದ ಒಂದರಲ್ಲಿ ಪ್ಲೇಟುಗಳು ಸಿಕ್ಕವು. ಪಂಚನಾಮೆ ಆಯಿತು. ಲೇಬಲಿನ ಫೈಲ್ ತಂದವನ ಹೆಸರು ಮಾಲೀಕನಿಗೆ ಗೊತ್ತಿರಲಿಲ್ಲ. ಆದರೆ ಫೈಲ್ ಮಾಡಿದವನು ಚಾನೆಲ್ಲಿಗೆ ಇಟ್ಟ ಹೆಸರು ಪ್ಲೇಟಿನ ಅಂಚಿನಲ್ಲಿ ತಾನಾಗಿಯೇ ಮೂಡುತ್ತದೆ. ಎಲ್ಲರೂ ‘ಗೋಲ್ಡ್’ ಎಂದಿಡುವ ಕಡೆ, ಇಂಗ್ಲಿಷ್ ಅಕ್ಷರಗಳಲ್ಲಿ ‘ಜರಿ’ ಎಂದಿತ್ತು.

“ಗೋಲ್ಡಿಗೆ ಜರಿ ಅನ್ನೋನು ನೇಯೋರ ಮನೆಯೋನೇ ಮೇಡಂ,” ಎಂದ ಹೆಡ್ ಕಾನ್ಸ್‌ಟೇಬಲ್ ಸಂಜೀವಪ್ಪ.

ಶಶಿರೇಖಾ ಪ್ಲೇಟನ್ನು ವೇಣುಗೋಪಾಲ್ ಮುಂದಿಟ್ಟರು.

“ಅಸಲಿ ಲೇಬಲ್ ಡಿಸೈನ್ ಮಾಡಿದ್ದು ಯಾರು?”

“ನಂದನ್... ನಮ್ಮ ಸಂಘದಲ್ಲಿ ನೇಯ್ತಿದ್ದ ಅಂಜನಮ್ಮನ ಮಗ.” ವೇಣುಗೋಪಾಲ್ ಪ್ಲೇಟನ್ನು ಹಿಂದಕ್ಕೆ ಸರಿಸಿದರು. “ಕಂಪ್ಲೇಂಟ್ ವಾಪಸ್ ತಗೊಂಡ್ಬಿಡ್ತೀನಿ ಮೇಡಂ.”

“ಎಫ್‌ಐಆರ್ ಆಗೋಗಿದೆ. ಈಗ ನಿಮ್ಮ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟೂ ತಡಮಾಡಲಿಲ್ಲ ನಂದನ್. ಪೊಲೀಸರನ್ನು ಕಂಡೊಡನೆ ಒಪ್ಪಿಕೊಂಡ. ಇಂಥ ಕೇಸಿನಲ್ಲಿ ಕಳ್ಳ ಸಿಕ್ಕನೆಂದು ಖುಷಿಪಡುವುದಕ್ಕೂ ಆಗುವುದಿಲ್ಲ.

“ಯಾಕೆ ಮಾಡ್ದೆ?”

“ಅಮ್ಮನ ಮಂಡಿ ಹೋಯ್ತು ಮೇಡಂ. ಕೈಮಗ್ಗ ತುಳಿಯಕ್ಕಾಗಲ್ಲ. ಪವರ್‌ಲೂಮ್ ಹಾಕ್ಸಿದ್ವಿ, ಕೈಮಗ್ಗದ್ದಲ್ಲ ಅಂತ ಸಂಘದವ್ರು ಲೇಬಲ್ ಕೊಡೋದು ನಿಲ್ಲಿಸಿದ್ರು. ಅಮ್ಮನ ಸೀರೆ ಒಬ್ರೂ ಮುಟ್ಟಲಿಲ್ಲ. ಊಟಾನೇ ಬಿಟ್ಬಿಟ್ಲು. ಮಾರಾಟ ಆಯ್ತಮ್ಮ ಅಂದ್ಮೇಲೇ ತಿಂದಿದ್ದು.”

“ಲೇಬಲ್ ವಿಷಯ ಅವ್ರಿಗೆ ಗೊತ್ತಾ?”

“ಇಲ್ಲ. ಜೈಲಿಗೆ ಬೇಕಾದ್ರೂ ಹೋಗ್ತೀನಿ, ಅವ್ಳಿಗೆ ಮಾತ್ರ ಹೇಳ್ಬೇಡಿ ಮೇಡಂ.”

ಹೇಳದೆ ವಿಧಿಯಿರಲಿಲ್ಲ. ಬಂಧನದ ಕಾರಣವನ್ನು ಮನೆಯವರಿಗೆ ತಿಳಿಸಲೇಬೇಕೆಂದು ಕಾನೂನಿದೆ. ಸಂಜೀವಪ್ಪನನ್ನು ಕಳಿಸದೆ ಶಶಿರೇಖಾ ತಾವೇ ಹೋದರು. ಅಂಜನಮ್ಮ ಮಗ್ಗದ ಸ್ವಿಚ್ ಆರಿಸಿ, ಎಲ್ಲವನ್ನೂ ಕೇಳಿಸಿಕೊಂಡು, ಅರ್ಧ ನೇಯ್ದ ಸೀರೆಯ ಮೇಲೆ ಕೈಯಾಡಿಸಿದರು.

“ಹಂಗಾದ್ರೆ ನನ್ ಸೀರೆ ಚೆನ್ನಾಗೈತೆ ಅಂತ ಯಾರೂ ತಗೊಳ್ಲಿಲ್ವಾ ತಾಯಿ?”

ಶಶಿರೇಖಾ ಬಂಧನದ ತಿಳುವಳಿಕೆ ಪತ್ರ ಮುಂದಿಟ್ಟು, ಸಹಿ ಹಾಕುವ ಜಾಗ ತೋರಿಸಿದರು.